ವಾಸನೆಯ ಋಣ

ಅಡುಗೆಯಲ್ಲಿ ಗುಟ್ಟು ಮಾಡಲು ಬಾರದ್ದು ಒಂದೇ, ಕರಿಯುವುದು. ಬೇಳೆ ಬೇಯಿಸಿದ್ದು, ಪುಂಡಿಪಲ್ಯ ಕುದಿಸಿದ್ದು ನಮ್ಮ ಗೋಡೆಯೊಳಗೇ ಉಳಿಯುತ್ತದೆ. ರೊಟ್ಟಿ ಬಡಿದರೆ ಸದ್ದು ಹೊರಗೆ ಹೋಗುತ್ತದೆ ನಿಜ. ಆದರೆ ನಮ್ಮ ಕಡೆ ಮನೆಮನೆಯಲ್ಲೂ ಆ ಸದ್ದು ಇರುವುದರಿಂದ ಅದು ಯಾರಿಗೂ ಸುದ್ದಿಯಲ್ಲ. ಕಾದ ಶೇಂಗಾ ಎಣ್ಣೆಗೆ ಕಡಲೆಹಿಟ್ಟು ಹಚ್ಚಿದ ಮೆಣಸಿನಕಾಯಿ ಬಿತ್ತೆಂದರೆ ಮಾತ್ರ ಓಣಿಗೆಲ್ಲ ಡಂಗುರ ಸಾರಿದ ಹಾಗೆ. ನಮ್ಮ ಒಲೆಯ ವಾಸನೆ ಯಾರ ಮೂಗಿಗೆ ಹೋಯಿತೋ ಅವರಿಗೆ ನಾವೇನಾದರೂ ಬಾಕಿ ಇದ್ದೇವೆಯೇ? ಚಿಲ್ಲರೆ ಪ್ರಶ್ನೆ ಎನ್ನಿಸಬಹುದು. ಹಿಡಿದುಕೊಂಡು ಹೊರಟರೆ ಬಹಳ ದೂರ ಕರೆದೊಯ್ಯುತ್ತದೆ.

ಸಂಜೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲೋ, ಶಹಾಪುರ, ಸುರಪುರದ ಬಸ್ ನಿಲ್ದಾಣದ ಹತ್ತಿರವೋ ಮಿರ್ಚಿ ಭಜಿ ಕರಿಯುವವನಿಗೆ ಈ ಚಿಂತೆ ಇಲ್ಲ. ಅವನಿಗೆ ವಾಸನೆಯೇ ಬೋರ್ಡು. ಇಟಲಿಯಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಸೇರಿದ ‘ನೊವೆಲ್ಲಿನೊ’ ಎಂಬ ಕಥೆಗಳ ಸಂಗ್ರಹವಿದೆ. ಅದರಲ್ಲಿ ಒಬ್ಬ ಬಡವ ಅಲೆಕ್ಸಾಂಡ್ರಿಯಾದ ಬೀದಿಯಲ್ಲಿ ಅಡುಗೆಯವನ ಪಾತ್ರೆಯಿಂದ ಏಳುವ ಹಬೆಗೆ ತನ್ನ ಒಣರೊಟ್ಟಿ ಹಿಡಿದು ತಿನ್ನುತ್ತಾನೆ. ಅಡುಗೆಯವನು ಹಬೆಗೆ ದುಡ್ಡು ಕೇಳುತ್ತಾನೆ. ನ್ಯಾಯ ಸುಲ್ತಾನನವರೆಗೆ ಹೋಗಿ, ಹಬೆಯ ಬೆಲೆ ನಾಣ್ಯದ ಸದ್ದು ಎಂದು ತೀರ್ಮಾನವಾಗುತ್ತದೆ. ಇದೇ ಕಥೆಯನ್ನು ನಮ್ಮಲ್ಲಿ ಬೇರೆ ಬೇರೆ ಜಾಣರ ಹೆಸರಿನಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತೇವೆ. ಆದರೆ ಕಥೆಯಲ್ಲಿ ಕೇಳಿದ ಪ್ರಶ್ನೆ, ವಾಸನೆ ನೋಡಿದವನು ಅಡುಗೆಯವನಿಗೆ ಏನು ಕೊಡಬೇಕು ಎಂಬುದು. ಮನೆ ನಡೆಸುವ ಹೆಂಗಸಿಗೆ ಎದುರಾಗುವ ಪ್ರಶ್ನೆ ತಿರುಗುಮುರುಗು. ಅದಕ್ಕೆ ಯಾವ ಸುಲ್ತಾನನೂ ತೀರ್ಪು ಕೊಟ್ಟಿಲ್ಲ.

ಸುರಪುರದಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯ ಹತ್ತಿರ ತೀರ್ಪು ಸಿದ್ಧವಿತ್ತು. “ವಾಸನಿ ಹೋದ ಮನಿಗಿ ತಾಟೂ ಹೋಗಬೇಕವಾ” ಎನ್ನುತ್ತಿದ್ದರು. ಕಡಾಯಿ ಇಡುವ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಅಂಗಳಕ್ಕೆ ಹೋಗಿ ನೋಡಿ ಬರುತ್ತಿದ್ದರೆಂದು ನಾವು ಸೊಸೆಯಂದಿರು ಚೇಷ್ಟೆ ಮಾಡುತ್ತಿದ್ದೆವು. ಪಕ್ಕದ ಮನೆಯಲ್ಲಿ ಸಾವಾಗಿದ್ದರೆ ಅವರ ದಿನ ಕಳೆಯುವ ತನಕ ನಮ್ಮ ಮನೆಯಲ್ಲಿ ಎಣ್ಣೆ ಕಾಯುತ್ತಿರಲಿಲ್ಲ. ಹಬ್ಬ ಬಂದರೂ ಇಲ್ಲ. ಅಲ್ಲಿಗೆ ತಾಟು ಕಳಿಸಿ ತೀರಿಸುವಂಥ ಬಾಕಿಯಲ್ಲ ಅದು. ಕರಿಯದೇ ಇರುವುದೇ ಸಲ್ಲಿಕೆ. ಇದನ್ನು ಅವರು ಯಾವ ಪುರಾಣದಲ್ಲೂ ಓದಿರಲಿಲ್ಲ.

ಕೆಲಸದ ಮೇಲೆ ಎರಡು ವರ್ಷ ಇಟಲಿಯಲ್ಲಿದ್ದ ನನ್ನ ಅಕ್ಕನ ಮಗಳು ಊರಿಗೆ ಬಂದಾಗ ಈ ಮಾತೆಲ್ಲ ಮತ್ತೆ ಎದ್ದಿತು. ಒಂದು ದಿನ ಅಡುಗೆಮನೆ ತನ್ನ ವಶಕ್ಕೆ ತೆಗೆದುಕೊಂಡಳು. ಹಿತ್ತಲಿನ ಕುಂಬಳದ ಹೂ ಕಿತ್ತು, ಒಳಗೆ ಚೀಸ್ ತುರುಕಿ, ತೆಳು ಹಿಟ್ಟಿನಲ್ಲಿ ಅದ್ದಿ ಬಿಟ್ಟಳು. ರೋಮಿನವರು ಇದೇ ಜಾತಿಯ ಹೂವನ್ನು ಹೀಗೆ ಕರಿಯುತ್ತಾರಂತೆ. ಸಿಸಿಲಿಯವರ ಅರಂಚೀನಿ ಎಂದರೆ ಪುಟ್ಟ ಕಿತ್ತಳೆ. ಅನ್ನದ ಉಂಡೆಯನ್ನು ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಬಣ್ಣ ಬರುವ ತನಕ ಕರಿದದ್ದು. “ಎಣ್ಣಿ ಯಾವ್ದು ಹಾಕ್ತಾರ ಅಲ್ಲಿ?” ಎಂದೆ. “ಕರೀಲಿಕ್ಕೆ ಭಾಳ ಮಂದಿ ಶೇಂಗಾ ಎಣ್ಣಿನೇ, ಚಿಗವ್ವಾ” ಎಂದಳು. ಶೇಂಗಾ ಆಗಲಿ ಮೆಣಸಿನಕಾಯಿ ಆಗಲಿ ಅಮೆರಿಕ ಖಂಡದಿಂದ ಬಂದು ಅವರಿಗೂ ನಮಗೂ ಸ್ವಂತವಾದವು. ಕರಿದರೆ ಹಳೇ ಚಪ್ಪಲಿಯೂ ರುಚಿ ಎಂಬ ಗಾದೆ ಅವರಲ್ಲಿದೆಯೆಂದು ಹೇಳಿದಾಗ ಮನೆಯವರೆಲ್ಲ ನಕ್ಕೆವು. ಮಾರ್ಚ್ 19ರ ಸಂತ ಜೋಸೆಫನ ಹಬ್ಬದಲ್ಲಿ ಅಲ್ಲಿ ಕರಿದ ಸಿಹಿ ಮಾಡುತ್ತಾರೆ. ಸಿಸಿಲಿಯಲ್ಲಿ ಆ ದಿನ ದೊಡ್ಡ ಮೇಜು ಸಿಂಗರಿಸಿ ಬಡವರನ್ನು ಕೂರಿಸಿ ಉಣಿಸುವ ಪದ್ಧತಿ ಹಳೆಯದು. ಅತ್ತೆ ಇದ್ದಿದ್ದರೆ, ಅವರೂ ನಮ್ಮಂಗೇ ಅದಾರ ಎನ್ನುತ್ತಿದ್ದರು.

ಅಷ್ಟರಲ್ಲಿ ಹಿಂದಿನ ಓಣಿಯ ಎರಡು ಮಕ್ಕಳು ಗೇಟಿನ ಹತ್ತಿರ ನಿಂತಿದ್ದವು. ಅವರ ಅಪ್ಪ ಅವ್ವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಸುಗ್ಗಿ ಮುಗಿದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೀಗೆ ಮುದುಕಿಯರೂ ಮಕ್ಕಳೂ ಮಾತ್ರ ಉಳಿಯುತ್ತಾರೆ. ಹುಡುಗಿ ನಾಲ್ಕು ಹೂ, ನಾಲ್ಕು ಉಂಡೆ ತಾಟಿಗೆ ಹಾಕಿ ಮಕ್ಕಳ ಕೈಗೆ ಕೊಟ್ಟು ಕೇಳಿದಳು: “ಅಜ್ಜಿ ಇವರ ಮನಿಗೂ ಕಳಸ್ತಿದ್ದಳಾ?”

ಇಲ್ಲ. ಅತ್ತೆಯ ತಾಟು ಹೋಗುತ್ತಿದ್ದ ಮನೆಗಳು ಐದಾರು; ವಾಸನೆ ಹೋಗುತ್ತಿದ್ದ ಮನೆಗಳು ಇಪ್ಪತ್ತಾದರೂ ಇದ್ದವು. ಗಾಳಿಗೆ ಜಾತಿ ಗೊತ್ತಿರಲಿಲ್ಲ, ತಾಟಿಗೆ ಗೊತ್ತಿತ್ತು. ಹಿಂದಿನ ಓಣಿಯ ಮಕ್ಕಳು ಬಾಗಿಲಿಗೆ ಬಂದರೆ ಅವರಿಗೂ ಕೊಡುತ್ತಿದ್ದರು. ಕಾಗದದಲ್ಲಿ, ಮೇಲಿನಿಂದ. ಏಕೆಂದರೆ ಹುಡುಗರ ಕಣ್ಣು ಬಿದ್ದದ್ದು ಪಚನವಾಗುವುದಿಲ್ಲ ಎಂಬ ಹೆದರಿಕೆ. ಅವರು ಕೆಟ್ಟವರಾಗಿರಲಿಲ್ಲ. ಅವರಷ್ಟು ಕೊಟ್ಟವರನ್ನು ನಾನು ಕಂಡಿದ್ದು ಕಡಿಮೆ. ಆದರೆ ಒಂದೇ ಕಡಾಯಿಯ ಭಜಿ ಐದು ಮನೆಗೆ ಪ್ರೀತಿಯಾಗಿ, ಉಳಿದವರಿಗೆ ದೃಷ್ಟಿ ತೆಗೆಯುವ ವಸ್ತುವಾಗಿ ಹೋಗುತ್ತಿತ್ತು.

ಕೊಟ್ಟರಾಯಿತು, ಕಾರಣ ಯಾವುದಾದರೇನು, ಹಸಿದವರಿಗೆ ಹೊಟ್ಟೆ ತುಂಬಿತಲ್ಲ ಎಂದು ನೀವು ಕೇಳಬಹುದು. ಆ ಮಾತಿಗೆ ತೂಕವಿದೆ. ಹಸಿದ ಮಗು ನಮ್ಮ ಮನಸ್ಸು ಶುದ್ಧವಾಗುವ ತನಕ ಕಾಯಬೇಕಾಗಿಲ್ಲ. ಆದರೂ ನೆರೆಮನೆಗೆ ಹೋದ ತಾಟಿಗೂ ಬಾಗಿಲಿನಲ್ಲಿ ಕೊಟ್ಟ ಕಾಗದಕ್ಕೂ ಒಂದು ವ್ಯತ್ಯಾಸವಿದೆ. ತಾಟು ತಿರುಗಿ ಬರುತ್ತದೆ. ನಮ್ಮ ಕಡೆ ಅದನ್ನು ಬರಿದೇ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ಕಾಗದ ತಿರುಗಿ ಬರುವುದಿಲ್ಲ. ನೀವು ಕೊಡುವವರು, ಅವರು ತೆಗೆದುಕೊಳ್ಳುವವರು ಎಂದು ಅದು ಹೇಳಿ ಮುಗಿಸಿಬಿಡುತ್ತದೆ.

ಈಗ ಹೊಸ ಮನೆಗಳ ಅಡುಗೆಕೋಣೆಗೆ ಚಿಮಣಿ ಬಂದಿದೆ, ಕಿಟಕಿಗೆ ಗಾಜು ಬಂದಿದೆ. ವಾಸನೆ ನಮಗೆ ತೊಂದರೆ ಕೊಡದೆ ಹೊರಗೆ ಹೋಗುತ್ತದೆ. ಹೊರಗೆ ಯಾರಿದ್ದಾರೆ ಎಂದು ನೋಡುವ ಅಗತ್ಯ ಬೀಳುವುದಿಲ್ಲ. ಕಿಟಕಿ ಮುಚ್ಚಿ ಕರಿಯುವುದು ಪಾಪವೆಂದು ನಾನು ಹೇಳಲಾರೆ. ಎಲ್ಲರಿಗೂ ಹಂಚಿಯೇ ತಿನ್ನಬೇಕೆಂದರೆ ಸಣ್ಣ ಸಂಬಳದ ಮನೆಯವರು ವರ್ಷಕ್ಕೊಮ್ಮೆಯೂ ಕಡಾಯಿ ಇಡಲಾರರು. ವಾಸನೆ ನೋಡಿದ್ದರಿಂದ ಯಾರಿಗೂ ನಮ್ಮ ಭಜಿಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಆದರೆ ಆ ವಾಸನೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗಿನವರು ನಮ್ಮ ನೆರೆಯವರು. ಅವರ ಮನೆಯಲ್ಲಿ ಸಾವಿದೆಯೇ, ಹಸಿವಿದೆಯೇ, ಮಕ್ಕಳನ್ನು ಬಿಟ್ಟು ಯಾರು ದೂರ ಹೋಗಿದ್ದಾರೆ ಎಂಬುದು ನಮಗೆ ಗೊತ್ತಿರಬೇಕು. ಬಾಕಿ ಇರುವುದು ಅಷ್ಟು. ಉಳಿದದ್ದು ಅವರವರ ಕೈಯಳತೆ.

ಮಾರನೆಯ ದಿನ ಆ ಮಕ್ಕಳ ಅಜ್ಜಿ ನಮ್ಮ ತಾಟು ತೊಳೆದು, ತುಂಬ ಪುಂಡಿಪಲ್ಯ ಹಾಕಿಕೊಂಡು ಬಂದರು. “ಖಾರ ಜರಾ ಹೆಚ್ಚಾಗ್ಯಾದ, ಉಣ್ತೀರಿಲ್ಲೋ” ಎಂದು ಅನುಮಾನಿಸುತ್ತ ಮೆಟ್ಟಿಲ ಕೆಳಗೇ ನಿಂತರು. ಒಳಗೆ ಕರೆದೆ. ರೊಟ್ಟಿಯ ಬುಟ್ಟಿ ತಂದೆ. ಹುಡುಗಿ ಮೂರು ತಾಟು ಇಟ್ಟಳು. ಖಾರ ನಿಜವಾಗಿಯೂ ಹೆಚ್ಚಾಗಿತ್ತು.