ಪೂರ್ತಧರ್ಮವೂ ಊರ ನೀರೂ

ಪ್ರಾಚೀನರು ಗೃಹಸ್ಥನ ಸತ್ಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಅಗ್ನಿಹೋತ್ರ, ಯಜ್ಞ, ತಪಸ್ಸು ಮುಂತಾದವು ಇಷ್ಟ. ಬಾವಿ, ಕೆರೆ, ತೋಪು, ದೇವಾಲಯ, ಅನ್ನಸತ್ರ ಮುಂತಾದವನ್ನು ಮಾಡಿಸುವುದು ಪೂರ್ತ. ಇಷ್ಟದ ಫಲವು ನೇರವಾಗಿ ಕರ್ತನಿಗೆ ಸೇರತಕ್ಕದ್ದು. ಪೂರ್ತದ ಫಲವಾದರೋ ಮೊದಲು ಊರಿಗೆ ಸೇರಿ, ಆಮೇಲೆ ಪುಣ್ಯರೂಪದಿಂದ ಕರ್ತನಿಗೆ ಬರತಕ್ಕದ್ದು. ಇಷ್ಟದಲ್ಲಿ ಲೋಪವಾದರೆ ದೋಷವು ಮಾಡಿದವನೊಬ್ಬನಿಗೆ. ಪೂರ್ತದಲ್ಲಿ ಲೋಪವಾದರೆ ಅದರ ದುಃಖವನ್ನು ಅನುಭವಿಸುವವರು, ಮಾಡಿಸಿದವನ ಹೆಸರನ್ನೂ ಕೇಳಿರದ ಪರರು. ಹೀಗಿರಲಾಗಿ, ಪೂರ್ತಧರ್ಮವನ್ನು ಆಚರಿಸಿದವನ ಕರ್ತವ್ಯವು ಯಾವಾಗ ಮುಗಿಯುತ್ತದೆ? ಕೆರೆಯ ಏರಿ ಎದ್ದ ದಿನವೆ? ನಲ್ಲಿಯಲ್ಲಿ ನೀರು ಬಂದ ದಿನವೆ? ತನ್ನ ಮನೆಯ ನೀರನ್ನು ಶುದ್ಧಮಾಡಿಕೊಂಡ ಗೃಹಸ್ಥನಿಗೆ ಊರ ನೀರಿನ ವಿಷಯದಲ್ಲಿ ಋಣವೇನಾದರೂ ಉಳಿಯುತ್ತದೆಯೆ? ಈ ಪ್ರಶ್ನೆಗಳನ್ನು ಕುರಿತು ಸ್ವಲ್ಪ ವಿಚಾರಮಾಡುವುದು ಉಚಿತವಾಗಿದೆ.

ಚಿತ್ರದುರ್ಗದ ಸೀಮೆಯವರಿಗೆ ಪೂರ್ತಧರ್ಮವು ಹೊಸತಲ್ಲ. ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಆ ರಾಜನ ವಿಜಯಗಳನ್ನು ಹೇಳುವುದರೊಡನೆ ಅವನು ಕೆರೆಯನ್ನು ಕಟ್ಟಿಸಿದ ವಿಷಯವನ್ನೂ ಹೇಳುತ್ತದೆ. ದುರ್ಗದ ಕೋಟೆಯನ್ನು ಹತ್ತಿದವರು ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕತಂಗಿಯರ ಹೊಂಡವನ್ನೂ ನೋಡಿರುತ್ತಾರೆ. ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಮೇಲಣ ಹೊಂಡದಲ್ಲಿ ನಿಲ್ಲಿಸಿ, ಅದು ತುಂಬಿದ ಮೇಲೆ ಕೆಳಗಣ ಹೊಂಡಕ್ಕೂ, ಅಲ್ಲಿಂದ ಪೇಟೆಯ ಸಿಹಿನೀರು ಹೊಂಡ, ಸಂತೆಹೊಂಡಗಳ ಕಡೆಗೂ ಹರಿಯುವಂತೆ ಮಾಡಿದ ಆ ಏರ್ಪಾಡಿನಲ್ಲಿ ಒಂದು ನೀತಿಯೂ ಅಡಗಿದೆ. ಮೇಲಿನವನು ತನ್ನ ಹೊಂಡವನ್ನು ಕೆಡಿಸಿದರೆ ಕೆಳಗಿನವನು ಕುಡಿಯುವುದು ಆ ಕೆಟ್ಟ ನೀರನ್ನೇ. ನೀರಿನಲ್ಲಿ ನನ್ನದು ನಿನ್ನದು ಎಂಬ ಭೇದವು ಕೊಡದೊಳಗೆ ತುಂಬಿದ ಮೇಲೆ ಮಾತ್ರ ಹುಟ್ಟುತ್ತದೆ.

ಈ ಸೀಮೆಯಲ್ಲಿ ನಡೆದ ಪೂರ್ತಕಾರ್ಯಗಳಲ್ಲಿ ಅತ್ಯಂತ ದೊಡ್ಡದು ಹಿರಿಯೂರು ತಾಲ್ಲೂಕಿನ ಮಾರಿಕಣಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, ವೇದಾವತಿಗೆ ಅಡ್ಡಲಾಗಿ ಆರಂಭವಾದ ಈ ಕಟ್ಟೆಯು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿಬಿದ್ದ ಜಲಾಶಯವು ಮತ್ತೆ ಕೋಡಿಬೀಳಲು 2022ರ ವರೆಗೆ ಕಾಯಬೇಕಾಯಿತು. ಆಗ ಹಿರಿಯೂರಿನವರು ಹಬ್ಬದಂತೆ ಸಂತೋಷಪಟ್ಟರು. ಆದರೆ ಅದೇ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಕಡೆಗೆ ಚಾಚಿಕೊಂಡಿದೆ; ಕೆಳಗಿನವರಿಗೆ ಹಬ್ಬವಾದ ನೀರು ಮೇಲಿನ ರೈತನಿಗೆ ಮುಳುಗಿದ ಹೊಲವಾಗಿ ಕಾಣುವುದು ಸಹಜ. ಒಂದೇ ಪುಣ್ಯಕಾರ್ಯವು ಒಬ್ಬನಿಗೆ ಲಾಭವನ್ನೂ ಮತ್ತೊಬ್ಬನಿಗೆ ನಷ್ಟವನ್ನೂ ತರಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮಾರಿಕಣಿವೆಯು ಕಲಿಸುವ ಪಾಠವು ಇಷ್ಟಕ್ಕೇ ಮುಗಿಯಲಿಲ್ಲ. ನೀರಾವರಿಯೊಡನೆ ಮಲೇರಿಯಾ ಜ್ವರವೂ ಹರಡುವುದುಂಟು. ನಾಲೆಯ ಅಂಚಿನ ಜೌಗು, ಗದ್ದೆಯ ಬದಿಯ ಹೊಂಡ, ಹರಿವು ನಿಂತ ಕಾಲುವೆ ಇವೆಲ್ಲವೂ ಅನಾಫಿಲೀಸ್ ಜಾತಿಯ ಸೊಳ್ಳೆಗೆ ತವರುಮನೆಗಳು. ಆ ಸೊಳ್ಳೆಯೊಳಗೆ ಜ್ವರದ ಜೀವಾಣುವನ್ನು ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಕಟ್ಟೆಯನ್ನು ಯೋಚಿಸಿದವರಿಗೆ ಆ ಜ್ಞಾನವಿರಲಿಲ್ಲವಾದುದರಿಂದ ಅವರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಹಿರಿಯೂರು ಜ್ವರಪೀಡಿತವಾದ ಊರೆಂದು ಹೆಸರಾದ ಬಳಿಕ ಸಂಸ್ಥಾನದ ಸರ್ಕಾರವು ಕಣ್ಣುಮುಚ್ಚಿ ಕೂಡಲಿಲ್ಲ. 1920ರ ದಶಕದ ಕೊನೆಯಿಂದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ ಮೈಸೂರಿನ ಆರೋಗ್ಯ ಇಲಾಖೆಯವರು ನಡೆಸಿದ ಮಲೇರಿಯಾ ಪರಿಶೋಧನೆಗೆ ಹಿರಿಯೂರೂ ಒಂದು ಕ್ಷೇತ್ರವಾಯಿತು. ಸೊಳ್ಳೆಯ ಜಾತಿಗಳನ್ನು ಗುರುತಿಸುವುದು, ಅದರ ಮರಿಗಳು ಎಲ್ಲಿ ಬೆಳೆಯುತ್ತವೆಂದು ಹುಡುಕುವುದು, ಮಕ್ಕಳ ಗುಲ್ಮ ಊದಿದೆಯೆ ಎಂದು ಹೊಟ್ಟೆಯನ್ನು ಮುಟ್ಟಿ ನೋಡುವುದು, ಇಂತಹ ಕೆಲಸಗಳಲ್ಲಿ ವೈಭವವೇನೂ ಇಲ್ಲ. ಇವಕ್ಕೆ ಶಿಲಾಶಾಸನವನ್ನು ಯಾರೂ ಬರೆಯಿಸುವುದಿಲ್ಲ. ಆದರೆ ಕಟ್ಟೆಯ ಪುಣ್ಯವನ್ನು ಪಾಪದ ಬೆರಕೆಯಿಂದ ಬಿಡಿಸಿದ್ದು ಈ ಕೆಲಸವೇ.

ಇದೇ ಕ್ರಮವು ಬೇರೊಂದು ರೂಪದಲ್ಲಿ ಪುನಃ ನಡೆಯಿತು. ತೆರೆದ ಬಾವಿಯ ನೀರಿನಿಂದ ಕಾಲರಾ ಹರಡುತ್ತಿತ್ತು. ಮೆಟ್ಟಿಲುಬಾವಿಗಳಲ್ಲಿ ಕಾಲಿಟ್ಟು ನೀರು ತುಂಬುವ ರೂಢಿಯಿಂದ ನಾರುಹುಣ್ಣು ಹಬ್ಬುತ್ತಿತ್ತು. ಇದಕ್ಕೆ ಪರಿಹಾರವಾಗಿ ಗ್ರಾಮಗಳಲ್ಲಿ ಕೊಳವೆಬಾವಿಯನ್ನು ಕೊರೆದು ಕೈಪಂಪುಗಳನ್ನು ಹಾಕಿದರು. ನಾರುಹುಣ್ಣು ದೇಶದಿಂದಲೇ ತೊಲಗಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಅದರಿಂದ ಮುಕ್ತವಾಯಿತೆಂದು ಪ್ರಮಾಣೀಕರಿಸಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಮಳೆ ಕಡಮೆಯಾದ ಈ ಸೀಮೆಯಲ್ಲಿ ಬಾವಿಯು ಆಳವಾದಂತೆಲ್ಲ, ಬಹುಕಾಲ ಶಿಲೆಯ ಸಂದಿಗಳಲ್ಲಿ ನಿಂತು ಅದರ ಸಾರವನ್ನು ಹೀರಿಕೊಂಡ ನೀರು ಮೇಲೆ ಬಂದಿತು. ಆ ಸಾರದಲ್ಲಿ ಫ್ಲೋರೈಡ್ ಎಂಬುದೊಂದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಮಿನ ವರೆಗೆ ಸಹಿಸಬಹುದು. ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲವು ಈ ಮಿತಿಯನ್ನು ಮೀರಿದೆ.

ಈ ದೋಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ವಿಧಿಸಿದ ಧರ್ಮಶಾಸ್ತ್ರಕಾರರ ವಿವೇಕವು ದೊಡ್ಡದು. ಆದರೆ ಫ್ಲೋರೈಡು ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಹೆಚ್ಚುತ್ತದೆ. ವಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ಇಂತಹ ನೀರನ್ನು ಕುಡಿದ ಮಗುವಿನ ಹಲ್ಲುಗಳ ಮೇಲೆ ಕಂದುಬಣ್ಣದ ಕಲೆಗಳು ಮೂಡುತ್ತವೆ. ಉಜ್ಜಿದರೆ ಅವು ಹೋಗುವುದಿಲ್ಲ. ಬಹುವರ್ಷಗಳ ಕಾಲ ಅಧಿಕ ಪ್ರಮಾಣದಲ್ಲಿ ಕುಡಿದವರ ಕೀಲುಗಳೂ ಬೆನ್ನೆಲುಬೂ ಬಿಗಿಯುತ್ತವೆ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಶಾಲೆಯ ಬಾಲಿಕೆಯು ಮಾಡಿದ ತಪ್ಪೇನು? ಆಕೆಯ ಊರಿಗೆ ಕೊಳವೆಬಾವಿಯನ್ನು ಕೊಟ್ಟವರಾದರೂ ಸದ್ಭಾವದಿಂದಲೇ ಕೊಟ್ಟರಲ್ಲವೆ? ಸದ್ಭಾವವೊಂದೇ ಸಾಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಫ್ಲೋರೈಡಿನ ವಿಷಯದಲ್ಲಿ ಭೂಮಿಯ ಮತ್ತೊಂದು ಪಾರ್ಶ್ವದಲ್ಲಿ ನಡೆದುದನ್ನು ಇಲ್ಲಿ ಸ್ಮರಿಸಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನದ ಮಧ್ಯಪಶ್ಚಿಮ ಭಾಗದಲ್ಲಿ, ಮಿಷಿಗನ್ ಪ್ರಾಂತದ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ನಗರವಿದೆ. ಅಲ್ಲಿಯ ನೀರಿನಲ್ಲಿ ಫ್ಲೋರೈಡು ಅತ್ಯಲ್ಪ. ಮಕ್ಕಳಲ್ಲಿ ಹುಳುಕುಹಲ್ಲು ವಿಶೇಷ. ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಕಲೆಯೂ ಮೂಡದೆ ಹುಳುಕೂ ಕಡಮೆಯಾಗುತ್ತದೆಂದು ಅಲ್ಲಿಯ ವೈದ್ಯರು ಅನೇಕ ಊರುಗಳನ್ನು ಹೋಲಿಸಿ ತಿಳಿದಿದ್ದರು. 1945ರ ಜನವರಿ 25ರಂದು ಆ ನಗರವು ತನ್ನ ನೀರಿಗೆ ಅಷ್ಟು ಫ್ಲೋರೈಡನ್ನು ಬೆರೆಸತೊಡಗಿತು; ಪ್ರಪಂಚದಲ್ಲಿ ಹೀಗೆ ಮಾಡಿದ ಮೊದಲ ನಗರವು ಅದೇ. ಬೆರೆಸಿದವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಸುಮಾರು 30,000 ಶಾಲಾಮಕ್ಕಳ ಹಲ್ಲುಗಳನ್ನು ವರ್ಷ ವರ್ಷವೂ ಪರೀಕ್ಷಿಸುತ್ತ, ಫ್ಲೋರೈಡನ್ನು ಬೆರೆಸದ ನೆರೆಯ ಮಸ್ಕೀಗನ್ ನಗರದ ಮಕ್ಕಳೊಡನೆ ಹೋಲಿಸುತ್ತ ಬಂದರು. ಬೆರೆಸಿದ ಬಳಿಕ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡ 60ಕ್ಕಿಂತ ಹೆಚ್ಚಾಗಿ ಕಡಮೆಯಾಯಿತೆಂದು ಕಂಡುಬಂದಿತು. ಇದನ್ನು ನೋಡಿದ ಮಸ್ಕೀಗನ್ನಿನವರು ತಾವು ಹೋಲಿಕೆಗಾಗಿ ಕಾಯಲೊಲ್ಲದೆ 1951ರಲ್ಲಿ ಅದೇ ಕ್ರಮವನ್ನು ಹಿಡಿದರು.

ಈ ಕಾರ್ಯವನ್ನು ಅಲ್ಲಿಯೂ ಎಲ್ಲರೂ ಒಪ್ಪಿಲ್ಲ. ಒಬ್ಬೊಬ್ಬನ ಸಮ್ಮತಿಯನ್ನು ಕೇಳದೆ ಎಲ್ಲರ ನೀರಿನಲ್ಲಿ ಔಷಧವನ್ನು ಬೆರೆಸಬಹುದೆ ಎಂಬ ವಾದವು ಇಂದಿಗೂ ನಿಂತಿಲ್ಲ. 2025ರಲ್ಲಿ ಯೂಟಾ, ಫ್ಲಾರಿಡಾ ಎಂಬ ಎರಡು ಪ್ರಾಂತಗಳು ಅದನ್ನು ಶಾಸನದಿಂದ ನಿಲ್ಲಿಸಿದುವು. ಆ ವಾದದಲ್ಲಿ ಯಾರ ಪಕ್ಷವು ಬಲವಾದುದೆಂಬುದು ಪ್ರಕೃತ ವಿಷಯವಲ್ಲ. ಇಲ್ಲಿ ಗ್ರಹಿಸತಕ್ಕದ್ದು ಇಷ್ಟೆ: ಒಂದೇ ವಸ್ತುವು ಒಂದು ಊರಿನಲ್ಲಿ ಔಷಧ, ಇನ್ನೊಂದು ಊರಿನಲ್ಲಿ ರೋಗಕಾರಣ, ಇದು ಅಳತೆಯ ಭೇದವೇ ಹೊರತು ವಸ್ತುವಿನ ಭೇದವಲ್ಲ. ಅಳೆದು ನೋಡಿ, ಅಳೆದುದನ್ನು ಜನರ ಮುಂದಿಟ್ಟ ಊರಿನಲ್ಲಿ ಒಪ್ಪುವುದಕ್ಕೂ ವಿರೋಧಿಸುವುದಕ್ಕೂ ಅವಕಾಶವಿರುತ್ತದೆ. ಅಳೆಯದ ಊರಿನಲ್ಲಿ ಎರಡಕ್ಕೂ ಅವಕಾಶವಿಲ್ಲ. ಅಲ್ಲಿ ಕುಡಿಯುವುದೊಂದೇ ಉಳಿಯುತ್ತದೆ.

ಈಗ ಪೂರ್ವಪಕ್ಷವನ್ನು ನೋಡೋಣ. "ಮನೆಯಲ್ಲಿ ಆರ್.ಓ. ಯಂತ್ರವನ್ನು ಇಟ್ಟುಕೊಂಡಿದ್ದೇವೆ, ಇಲ್ಲವೆ ಕ್ಯಾನ್ ನೀರನ್ನು ತರಿಸುತ್ತೇವೆ, ನಮ್ಮ ಮಕ್ಕಳಿಗೆ ತೊಂದರೆಯಿಲ್ಲ, ಊರಿನ ಚಿಂತೆಯು ಸರ್ಕಾರದ್ದು, ಅದಕ್ಕಾಗಿಯೇ ಕಂದಾಯವನ್ನು ಕೊಡುತ್ತೇವೆ" ಎಂದು ಅನೇಕ ಸದ್ಗೃಹಸ್ಥರು ಹೇಳುವರು. ಇದರಲ್ಲಿ ಅರ್ಧ ಸತ್ಯವಿದೆ. ತನ್ನ ಮಕ್ಕಳನ್ನು ರಕ್ಷಿಸುವುದು ಗೃಹಸ್ಥನ ಮೊದಲನೆಯ ಧರ್ಮವೇ. ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಯಂತ್ರವು ಮಾಡುವುದೇನು? ಬಂದ ನೀರಿನ ಒಂದು ಭಾಗವನ್ನು ಶುದ್ಧಮಾಡಿ, ದೋಷವನ್ನೆಲ್ಲ ಉಳಿದ ಭಾಗದೊಡನೆ ಚರಂಡಿಗೆ ತಳ್ಳುತ್ತದೆ. ದೋಷವು ಮನೆಯಿಂದ ಹೋಯಿತು; ಊರಿನಿಂದ ಹೋಗಲಿಲ್ಲ. ಇದಕ್ಕಿಂತಲೂ ದೊಡ್ಡ ಹಾನಿಯು ಬೇರೊಂದಿದೆ. ಊರಿನಲ್ಲಿ ಓದುಬರಹ ಬಲ್ಲವರು, ಅರ್ಜಿಯನ್ನು ಬರೆಯಬಲ್ಲವರು, ಅಧಿಕಾರಿಗಳೊಡನೆ ಮಾತನಾಡಬಲ್ಲವರು ಯಾರೋ ಅವರೇ ಯಂತ್ರವನ್ನು ಕೊಳ್ಳಬಲ್ಲವರು. ಅವರ ಮನೆಯ ನೀರು ಶುದ್ಧವಾದೊಡನೆ ಊರ ನೀರಿಗಾಗಿ ಮಾತನಾಡುವ ನಾಲಿಗೆಯೂ ನಿಂತುಹೋಗುತ್ತದೆ. ಹಿಂದೆ ಊರಿಗೆಲ್ಲ ಒಂದೇ ಬಾವಿಯಿದ್ದಾಗ ಅದು ಕೆಟ್ಟರೆ ಪಟೇಲನೂ ಶಾನುಭೋಗನೂ ತಾವಾಗಿಯೇ ಎಚ್ಚರಗೊಳ್ಳುತ್ತಿದ್ದರು. ಈಗ ಹಾಗೆ ಎಚ್ಚರಗೊಳ್ಳಬೇಕಾದವರು ನಿಶ್ಚಿಂತರಾಗಿದ್ದಾರೆ.

ಇಷ್ಟು ಹೇಳಿದುದರಿಂದ ಹಿಂದಿನ ಕಾಲವೆಲ್ಲವೂ ಧರ್ಮಮಯವಾಗಿತ್ತೆಂದು ತಿಳಿಯಬಾರದು. ತಟಾಕೋತ್ಸರ್ಗದ ವಿಧಿಯಲ್ಲಿ ಯಜಮಾನನು ಆ ಜಲವನ್ನು ಸಮಸ್ತ ಪ್ರಾಣಿಗಳಿಗೂ ಸಮಾನವಾಗಿ ಬಿಟ್ಟುಕೊಡುತ್ತಾನೆ. ಹಾಗೆ ಬಿಟ್ಟುಕೊಟ್ಟ ನೀರಿನ ಬಳಿಗೆ ಪಶುಪಕ್ಷಿಗಳು ಬರಬಹುದಾಗಿತ್ತು. ಕೆಲವು ಮನುಷ್ಯರು ಮಾತ್ರ ಬರಕೂಡದಾಗಿತ್ತು. ಬಾಯಲ್ಲಿ ಹೇಳಿದ ಸಂಕಲ್ಪವನ್ನು ನಡತೆಯಲ್ಲಿ ಸುಳ್ಳುಮಾಡಿದ ಈ ದೋಷಕ್ಕೆ ಶಾಸ್ತ್ರಜ್ಞರೆನಿಸಿಕೊಂಡವರೇ ಹೊಣೆಗಾರರು. 1927ರ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರನ್ನು ಸಹಸ್ರಾರು ಜನರೊಡನೆ ಕುಡಿದಾಗ, ಆ ಪುರಾತನ ಸಂಕಲ್ಪವನ್ನು ನಿಜಮಾಡಿದವರು ಅವರೇ ಎನ್ನಬೇಕು. ಆ ದೋಷವು ಪೂರ್ಣವಾಗಿ ಕಳೆಯಿತೆಂದು ಹೇಳಲು ಧೈರ್ಯವಾಗುವುದಿಲ್ಲ. 2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತವಾದ ನೀರನ್ನು ಕುಡಿದು ಅನೇಕರು ಆಸ್ಪತ್ರೆಯನ್ನು ಸೇರಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ದಲಿತರ ಕೇರಿಯವರು. ಸಿಹಿನೀರಿನ ಹೊಂಡಗಳಿಗೆ ಹೆಸರಾದ ನಗರದಲ್ಲಿ, ನಲ್ಲಿಯ ನೀರನ್ನು ನಂಬಿ ಕುಡಿದವರಿಗೆ ಒದಗಿದ ಗತಿ ಇದು. ನೀರು ಕೆಟ್ಟಾಗ ಅದು ಮೊದಲು ಯಾರ ಕೇರಿಯಲ್ಲಿ ತಿಳಿಯುತ್ತದೆ, ಹೇಗೆ ತಿಳಿಯುತ್ತದೆ ಎಂಬುದನ್ನು ನೋಡಿದರೆ ಊರಿನ ಧರ್ಮವು ಎಷ್ಟರಮಟ್ಟಿನದೆಂದು ಗೊತ್ತಾಗುತ್ತದೆ. ಪರೀಕ್ಷೆಯಿಂದ ತಿಳಿಯಬೇಕಾದುದು ಮರಣದಿಂದ ತಿಳಿಯುವಂತಾದರೆ ಆ ಊರಿನ ಪೂರ್ತವು ಅಪೂರ್ತವೇ ಸರಿ.

"ಸರ್ಕಾರವು ಮಾಡಲಿ" ಎಂಬ ಮಾತಿಗೂ ಸಮಾಧಾನವನ್ನು ಹೇಳಬೇಕು. ಸರ್ಕಾರವು ಮಾಡಬೇಕಾದುದೇ, ಮಾಡಿಯೂ ಇದೆ. ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಿದೆ. 2019ರಲ್ಲಿ ಜಲಜೀವನ ಕಾರ್ಯಕ್ರಮವನ್ನು ಆರಂಭಿಸಿ ಮನೆಮನೆಗೆ ನಲ್ಲಿಯನ್ನು ಹಾಕಿಸುತ್ತಿದೆ. ಆದರೆ ಘಟಕದ ಒಳಗಿನ ಸೋಸುಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಅದು ಹೆಸರಿಗೆ ಮಾತ್ರ ಶುದ್ಧ. ಪೂಜೆಯಿಲ್ಲದ ಗುಡಿಯಂತೆ ಬೀಗ ಹಾಕಿಸಿಕೊಂಡು ನಿಂತ ಘಟಕಗಳನ್ನು ವಾಚಕರು ನೋಡಿರಬಹುದು. ಹೊಸ ಘಟಕಕ್ಕೆ ಹಣವು ಬರುತ್ತದೆ, ಮಾಲೆ ಬರುತ್ತದೆ, ಭಾಷಣ ಬರುತ್ತದೆ. ಹಳೆಯ ಘಟಕದ ದುರಸ್ತಿಗೆ ಯಾರೂ ಬರುವುದಿಲ್ಲ. ಜೀರ್ಣೋದ್ಧಾರವು ಹೊಸದಾಗಿ ಕಟ್ಟಿಸುವುದಕ್ಕಿಂತಲೂ ಅಧಿಕ ಫಲದಾಯಕವೆಂದು ಹಿಂದಿನವರು ಹೇಳಿದುದು ಮನುಷ್ಯಸ್ವಭಾವದ ಈ ದೌರ್ಬಲ್ಯವನ್ನು ಬಲ್ಲವರಾದುದರಿಂದಲೇ ಇರಬೇಕು.

ಹಾಗಾದರೆ ಸಾಮಾನ್ಯ ಗೃಹಸ್ಥನು ಮಾಡತಕ್ಕದ್ದೇನು? ಅವನು ಮಾರಿಕಣಿವೆಯನ್ನು ಕಟ್ಟಬೇಕಿಲ್ಲ. ಪ್ರತಿ ಗ್ರಾಮದಲ್ಲಿಯೂ ಐವರು ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂಬ ಏರ್ಪಾಡು ಜಲಜೀವನ ಕಾರ್ಯಕ್ರಮದಲ್ಲಿಯೇ ಇದೆ. ಆ ಪರೀಕ್ಷೆ ನಡೆಯಿತೆ, ಫ್ಲೋರೈಡ್ ಎಷ್ಟು ಬಂದಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಹಣವು ಬೇಡ. ಬಂದ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಮೆ. ಅದನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಅಡಿಗೆಗೂ ಕುಡಿಯುವುದಕ್ಕೂ ಬಳಸಬಹುದು. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಹಳೆಯ ಕೆರೆಗಳ ಹೂಳೆತ್ತಿದರೆ, ಇಂಗಿದ ಮಳೆನೀರು ಬಾವಿಯ ನೀರಿನೊಡನೆ ಬೆರೆತು ಅದರ ದೋಷವನ್ನು ತಗ್ಗಿಸುವ ಸಂಭವವಿದೆ.

ಹಿರಿಯೂರಿನ ಕಟ್ಟೆಯಿಂದ ಗ್ರ್ಯಾಂಡ್ ರ್‍ಯಾಪಿಡ್ಸಿನ ನಲ್ಲಿಯ ವರೆಗೆ ನೋಡಿದುದರಿಂದ ಸಿದ್ಧವಾಗುವುದೇನೆಂದರೆ, ಪ್ರತಿಯೊಂದು ಪೂರ್ತವೂ ತನ್ನ ಉಪಕಾರದೊಡನೆ ಒಂದು ಹೊಸ ಋಣವನ್ನೂ ಹುಟ್ಟಿಸುತ್ತದೆ. ಕಟ್ಟೆಯ ಋಣವು ಜ್ವರ. ಕೊಳವೆಬಾವಿಯ ಋಣವು ಕಲೆಬಿದ್ದ ಹಲ್ಲು. ಮನೆಯ ಯಂತ್ರದ ಋಣವು ಊರನ್ನು ಮರೆತ ಮನಸ್ಸು. ಋಣವನ್ನು ತೀರಿಸುವ ಮಾರ್ಗವು ಉಪಕಾರವನ್ನು ನಿಲ್ಲಿಸುವುದಲ್ಲ; ಮಾಡಿದ ಮೇಲೂ ನೋಡುತ್ತಿರುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲರೂ ಶುದ್ಧವಾದ ನೀರನ್ನು ಕುಡಿದರೆ ಯಜಮಾನನು ಸಂತೋಷಪಡಲಿ. ಆದರೆ ಮನೆಯ ಪಾತ್ರೆಗಳನ್ನು ತೊಳೆದುಕೊಟ್ಟು ಹೋದ ಹೆಂಗಸು ತನ್ನ ಗುಡಿಸಲಿನಲ್ಲಿ ಮಕ್ಕಳಿಗೆ ಯಾವ ನೀರನ್ನು ಕೊಡುತ್ತಾಳೆಂದು ಒಂದು ಸಲ ಅವಳನ್ನೇ ಕೇಳಲಿ. ಪೂರ್ತಧರ್ಮಕ್ಕೆ ಅಲ್ಲಿಂದಲೇ ಆರಂಭವಾಗಬಹುದು.