ಬಿರುಮಳೆಯ ಹೊತ್ತಿನ ಓದು

ಮಳೆಗಾಳಿಯ ದಿನ ಓದು ಹಿತವೆನ್ನುತ್ತಾರೆ. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಆ ಹಿತಕ್ಕೆ ಗಟ್ಟಿ ಮಾಳಿಗೆ ಬೇಕು. ತಗಡಿನ ಮನೆಯವರು ಅಂಥ ಹೊತ್ತಲ್ಲಿ ತಗಡಿನ ಮೇಲೆ ಕಲ್ಲು ಹೇರುತ್ತಿರುತ್ತಾರೆ. ಮೊನ್ನೆ ಕರೆಂಟು ಹೋದಾಗ ಕಿಟಕಿಯ ಬೆಳಕಲ್ಲಿ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ ಓದುತ್ತಿದ್ದೆ. 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ನನಗೆ ಪಿಎಚ್.ಡಿ.ಯ ಆಕರವೂ ಹೌದು. ಅದರ ಜನರ ಸಂಕಟಕ್ಕೆ ಅಡಿಗೆರೆ ಎಳೆಯುವ ಪೆನ್ಸಿಲ್ಲು ಹಡಗಲಿಯ ತೋಟದಲ್ಲಿ ಉದುರುವ ಮಲ್ಲಿಗೆ ಮೊಗ್ಗನ್ನು ಹಿಡಿಯಲಾರದು. ಹಾಗಂತ ಪುಸ್ತಕ ಮುಚ್ಚಿಟ್ಟರೂ ಯಾರ ಮೊಗ್ಗೂ ಉಳಿಯದು. ಓದುವುದು ತಪ್ಪಲ್ಲ; ಓದಿ ಮರುಗಿದ್ದನ್ನೇ ಸಾಲ ತೀರಿದಂತೆ ಲೆಕ್ಕ ಹಿಡಿಯುತ್ತೇವಲ್ಲ, ನನ್ನ ತಕರಾರು ಅದರದು. ಇಷ್ಟು ಬರೆದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕೂಗಿದಳು: “ತಮ್ಮಾ, ಏಣಿ ಹಿಡಿ ಬಾರಪಾ.”