ಅಭಯವಚನದ ಅಧಿಕಾರ

ಸಂಕಟದಲ್ಲಿರುವವರಿಗೆ ಧೈರ್ಯ ಹೇಳುವವನು ತನ್ನ ಕೈಯಲ್ಲಿಲ್ಲದ ನಾಳೆಗೆ ಹೊಣೆ ನಿಲ್ಲುತ್ತಾನೆ. ಆ ಅಧಿಕಾರ ಅವನಿಗೆ ಎಲ್ಲಿಂದ ಬಂತೆಂಬುದು ಧರ್ಮಜಿಜ್ಞಾಸೆಗೂ ನೀತಿಶಾಸ್ತ್ರಕ್ಕೂ ಸೇರಿದ ಪ್ರಶ್ನೆ. ಸ್ಪೇನಿನಲ್ಲಿ ಲೋಟ ಕೈಜಾರಿ ಒಡೆದರೆ 'ನೋ ಪಾಸಾ ನಾದಾ', ಅಂದರೆ 'ಏನೂ ಆಗಿಲ್ಲ, ಪರವಾಗಿಲ್ಲ' ಎನ್ನುತ್ತಾರೆ. ಲೋಟದ ಮಟ್ಟಿಗೆ ಅದು ನಿಜವೇ. ಆದರೆ ರೋಗಿಯ ಹಾಸಿಗೆಯ ಪಕ್ಕ ನಿಂತು 'ತೊದೊ ವಾ ಆ ಸಾಲಿರ್ ಬಿಯೆನ್', ಎಲ್ಲ ಸರಿಹೋಗುತ್ತದೆ ಎಂದವನಿಗೆ ಅದು ತಿಳಿದದ್ದಾದರೂ ಹೇಗೆ?

'ದಿಯೋಸ್ ಅಪ್ರಿಯೆತಾ ಪೆರೊ ನೋ ಆಓಗಾ' ಎಂಬ ಗಾದೆ ಇದಕ್ಕೆ ಭಕ್ತನ ಉತ್ತರ ಕೊಡುತ್ತದೆ. ದೇವರು ಹಿಸುಕುತ್ತಾನೆ, ಆದರೆ ಉಸಿರುಗಟ್ಟಿಸಿ ಕೊಲ್ಲುವುದಿಲ್ಲ ಎನ್ನುವ ಈ ಮಾತು ನೋವನ್ನು ಅಲ್ಲಗಳೆಯದೆ, ಹಿಸುಕುವ ಕೈಗೂ ಕರುಣೆಯ ಮಿತಿಯುಂಟೆಂದು ನಂಬುತ್ತದೆ. ನಂಬಿಕೆಯೇ ಇಲ್ಲದವನು ಇಂಥ ಅಭಯ ಕೊಟ್ಟರೆ ಅದು ವಂಚನೆಯೇ ಎಂಬುದನ್ನು ದಾರ್ಶನಿಕ ಮಿಗೆಲ್ ದೆ ಉನಾಮುನೊ 1931ರಲ್ಲಿ ಪ್ರಕಟವಾದ 'ಸಾನ್ ಮನುಯೆಲ್ ಬುಯೆನೊ, ಮಾರ್ತಿರ್' ಎಂಬ ಕಿರುಕಾದಂಬರಿಯಲ್ಲಿ ಕೊನೆಯವರೆಗೂ ಬಿಡದೆ ವಿಚಾರಿಸಿದ್ದಾರೆ. ಅಲ್ಲಿನ ಹಳ್ಳಿಯ ಪಾದ್ರಿ ದೋನ್ ಮನುಯೆಲ್ ಊರಿಗೆಲ್ಲ ಸ್ವರ್ಗದ ಭರವಸೆ ಕೊಡುವವರು, ಆದರೆ ಸ್ವತಃ ಪರಲೋಕವನ್ನು ನಂಬಲಾರದವರು. ಕ್ರೈಸ್ತರ ಶ್ರದ್ಧೆಯ ಘೋಷಣೆಯಾದ 'ಕ್ರೇದೊ'ವನ್ನು ಎಲ್ಲರೂ ಒಕ್ಕೊರಲಿನಿಂದ ಹೇಳುವಾಗ, ದೇಹದ ಪುನರುತ್ಥಾನ ಮತ್ತು ನಿತ್ಯಜೀವದ ಸಾಲು ಬಂದೊಡನೆ ಅವರ ದನಿ ನಿಲ್ಲುತ್ತದೆ, ಜನರ ದನಿ ಅದನ್ನು ಮುಚ್ಚಿ ಮುಂದೆ ಸಾಗುತ್ತದೆ.

ಈ ಮೌನವೇ ಅವರ ಪ್ರಾಮಾಣಿಕತೆಯ ಗುರುತು. ಬಡವರಿಗೆ ಸೌದೆ ಒಡೆದು ಕೊಡುತ್ತ, ಸಾಯುವವರ ಬಳಿ ಕುಳಿತಿರುತ್ತಿದ್ದ ಅವರ ಸಾಂತ್ವನದಲ್ಲಿ ಮಾತಿಗಿಂತ ಸಾನ್ನಿಧ್ಯವೇ ಹೆಚ್ಚು ನಿಜವಾಗಿತ್ತು. ಸಾವಿನ ಮನೆಯಲ್ಲಿ ಸ್ಪ್ಯಾನಿಷರು ಹೇಳುವ 'ತೆ ಅಕೊಂಪಾನ್ಯೊ ಎನ್ ಎಲ್ ಸೆಂತಿಮಿಯೆಂತೊ', 'ನಿನ್ನ ದುಃಖದಲ್ಲಿ ನಿನ್ನ ಜೊತೆಗಿದ್ದೇನೆ' ಎಂಬ ಮಾತೂ ಇದೇ ಜಾತಿಯದು: ಅದು ನಾಳೆಯ ಬಗ್ಗೆ ಏನನ್ನೂ ಸಾರುವುದಿಲ್ಲ, ಆದ್ದರಿಂದ ಆಸ್ತಿಕನೂ ನಾಸ್ತಿಕನೂ ಅದನ್ನು ಸುಳ್ಳಾಡದೆ ನುಡಿಯಬಹುದು. ಆದರೂ ಜೊತೆಗಿರುವುದೊಂದೇ ಸಾಕೆಂದು ತೀರ್ಮಾನಿಸುವುದು ಆತುರವಾದೀತು. ದೋನ್ ಮನುಯೆಲ್ ಅವರ ಬಳಿಗೆ ಬಂದ ಹಳ್ಳಿಗರು ಬಯಸಿದ್ದು ಸಂಗಾತಿಯನ್ನಷ್ಟೇ ಅಲ್ಲ, ತೀರಿಹೋದ ತಮ್ಮವರನ್ನು ಮತ್ತೆ ಕಾಣುವೆವೆಂಬ ಖಾತರಿಯನ್ನು.